ಅತ್ತೆ ಕಲಿತ ಸ್ವರ್ಗದ ಹಾಡು

ಪ್ರೀತಿಯ ಅತ್ತೆ,

ಸ್ವೀಡನ್ನಿನ ಕಾರ್ಲ್‌ಸ್ಟಾಡ್‌ನಿಂದ ನಿಮ್ಮ ಸೊಸೆ ವೈದೇಹಿಯ ನಮಸ್ಕಾರ. ನೀವು ಮೈಸೂರಿಗೆ ಮರಳಿ, ಮಗಳು ಆರತಿಯ ಮನೆ ಸೇರಿ ಹದಿನೈದು ದಿನವಾಯಿತು. ಫೋನಿನಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ಮಾವ ತೀರಿಕೊಂಡ ಮೂರು ತಿಂಗಳಿಗೆ ನೀವು ನಮ್ಮಲ್ಲಿಗೆ ಬಂದಿರಿ. ಬೇಸರ ಕಳೆಯಲೆಂದು ನಾನೇ ನಿಮ್ಮನ್ನು ಚರ್ಚಿನ ಹಾಡುಗುಂಪಿಗೆ ಸೇರಿಸಿದೆ. ಹಾಡಿಗಿಂತ ಆಮೇಲೆ ಇಲ್ಲಿಯವರ ಕಾಫಿಕೂಟ ಫಿಕಾದಲ್ಲಿ ಒಂದು ಲೋಟ ಕಾಫಿ, ನಾಲ್ಕು ಜನರ ಮಾತು ಸಿಗಲಿ ಎಂಬುದು ನನ್ನ ಆಸೆ. ಆದರೆ ಹಾಡು ಕಲಿಸುವ ಲೀನಾ ಆರಿಸಿದ್ದು ಅಮೆರಿಕದ ದಕ್ಷಿಣ ಸೀಮೆಯ ಹಳೆಯ ಭಕ್ತಿಗೀತೆ: ನದಿಯಾಚೆ ಸ್ವರ್ಗವಿದೆ, ಅಲ್ಲಿ ನನ್ನವರಿದ್ದಾರೆ, ದೇವರೇ, ನನ್ನನ್ನು ಯಾವಾಗ ಕರೆಸಿಕೊಳ್ಳುತ್ತೀ? ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ ನಿಮಗೆ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. ಚಪಾತಿ ಲಟ್ಟಿಸುವಾಗಲೂ ಅದೇ ಗುನುಗು, ಕಣ್ಣಲ್ಲಿ ನೀರು. ನನಗೆ ಹೆದರಿಕೆ ಹತ್ತಿತು. ಲೀನಾಗೆ ಫೋನ್ ಮಾಡಿ, ಅತ್ತೆಯಿಂದ ಆ ಹಾಡು ಹಾಡಿಸಬೇಡಿ ಎಂದು ಬೇಡಿಕೊಂಡೆ. ಇದು ನಿಮಗೆ ಗೊತ್ತಿಲ್ಲ.

ಮಾರ್ಚಿನ ಆ ಮಧ್ಯಾಹ್ನ ಯೂನಿವರ್ಸಿಟಿಯಿಂದ ಬಂದರೆ ನೀವಿಲ್ಲ. ನಿಮ್ಮ ಫೋನು ಮೇಜಿನ ಮೇಲಿತ್ತು. ಜಾಕೆಟ್ಟಿನ ಜಿಪ್ಪೂ ಹಾಕದೆ ಮನೆ ಹತ್ತಿರದ ನದಿಯ ಕಡೆ ಓಡಿದೆ. ಸೇತುವೆಯ ಕಂಬಿ ಹಿಡಿದು, ನೀರಿನತ್ತ ಮುಖ ಮಾಡಿ ನೀವು ದೊಡ್ಡ ದನಿಯಲ್ಲಿ ಹಾಡುತ್ತಿದ್ದಿರಿ. ಹೋಗಿ ನಿಮ್ಮ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ಏನಾಯ್ತೇ? ಜಿಪ್ಪೂ ಹಾಕ್ದೆ ಯಾಕೆ ಓಡಿ ಬಂದೆ?” ಎಂದಿರಿ. ನನ್ನ ಭಯವನ್ನೆಲ್ಲ ಅಳುತ್ತಲೇ ಹೇಳಿಬಿಟ್ಟೆ.

“ಅಯ್ಯೋ ಹುಚ್ಚಿ! ಹಾಡಿನ ಆ ಮೇಲಿನ ಸ್ವರ ನಂಗೆ ಎಟುಕಲ್ಲ. ಫ್ಲ್ಯಾಟಲ್ಲಿ ಕಿರುಚಿದ್ರೆ ಪಕ್ಕದ ಮನೆಯವರು ಏನಂತಾರೆ? ಅದಕ್ಕೇ ಇಲ್ಲಿ ಬಂದೆ.” ಆಮೇಲೆ ಮೆಲ್ಲಗೆ, “ಸ್ಟ್ರೋಕ್ ಆದ್ಮೇಲೆ ಮೂರು ವರ್ಷ ನಿಮ್ಮಾವ ಒಂದ್ ಮಾತೂ ಆಡ್ಲಿಲ್ಲ. ಈಗ ಅಲ್ಲಿ ಸ್ವರ್ಗದಲ್ಲಿ ಹರಟೆ ಹೊಡೀತಿರ್ತಾರೆ ಅಂದ್ಕೊಂಡು ಹಾಡ್ತೀನಿ. ಅಳೂನೂ ಬರುತ್ತೆ, ಹಗುರಾನೂ ಆಗುತ್ತೆ. ನಂಗೇನೂ ಹೋಗೋ ಅವಸರ ಇಲ್ಲಮ್ಮ,” ಎಂದಿರಿ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಮರುದಿನವೇ ಲೀನಾಳ ಕ್ಷಮೆ ಕೇಳಿ, ಅತ್ತೆ ಆ ಹಾಡನ್ನೇ ಹಾಡಲಿ ಎಂದೆ. ನಿಮ್ಮ ಕ್ಷಮೆ ಕೇಳಲು ಮಾತ್ರ ಇಷ್ಟು ದಿನ ಬೇಕಾಯಿತು.

ಇನ್ನೊಂದು ಸಂಗತಿ. ಈಸ್ಟರ್ ಕಾರ್ಯಕ್ರಮದಲ್ಲಿ ನೀವು ಮುಂದಿನ ಸಾಲಿನಲ್ಲಿ ನಿಂತು ಅದೇ ಹಾಡು ಹಾಡುವಾಗ, ಕೊನೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ನಿಮ್ಮ ಮಗ, ಅಪ್ಪನ ಚಿತೆಯ ಮುಂದೆಯೂ ಕಣ್ಣು ಒದ್ದೆ ಮಾಡಿಕೊಳ್ಳದ ಶ್ರೇಯಸ್, ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. “ಅಮ್ಮಂಗೆ ಹೇಳ್ಬೇಡ” ಎಂದಿದ್ದ. ಹೇಳುತ್ತಿದ್ದೇನೆ. ಈಗ ಊಟಕ್ಕೆ ಕೂತಾಗ ತಾನಾಗಿಯೇ ಅಪ್ಪನ ಸುದ್ದಿ ತೆಗೆಯುತ್ತಾನೆ. ನಿನ್ನೆ ಮಾವನ ಗೊರಕೆಯನ್ನು ಅಣಕಿಸಿ ತೋರಿಸಿ ತಾನೇ ನಕ್ಕ.

ದೇವರು ನಿಮ್ಮನ್ನು ಇನ್ನೂ ಬಹಳ ಕಾಲ ನಮ್ಮ ಜೊತೆಗೇ ಇಟ್ಟಿರಲಿ. ನಮ್ಮಿಬ್ಬರನ್ನೂ ಹರಸಿ.

ನಿಮ್ಮ ಸೊಸೆ,
ವೈದೇಹಿ