ನಾಯಿ ನೀರು ಕುಡಿದ ಸುದ್ದಿ

ಇಲೊಯ್ಲೊ
ಜೂನ್ ೯, ಸೋಮವಾರ ಮಧ್ಯಾಹ್ನ

ನನ್ನ ಪ್ರೀತಿಯ ನನಾಯ್, ನನ್ನಮ್ಮಾ,

ಹಾಂಕಾಂಗಿನಲ್ಲಿ ಬಿಸಿಲೋ ಮಳೆಯೋ, ನಿನ್ನ ಮಂಡಿನೋವು ಹೇಗಿದೆಯೋ, ಒಂದನ್ನೂ ಕೇಳದೆ ನೇರ ವಿಷಯಕ್ಕೆ ಬರುತ್ತಿದ್ದೇನೆ. ಕೇಳುತ್ತಾ ಕೂತರೆ ಇರುವಷ್ಟು ಧೈರ್ಯವೂ ಕರಗಿಹೋಗುತ್ತದೆ. ಪಕ್ಕದ ಮನೆಯ ಜುವೀ ರಜೆ ಮುಗಿಸಿ ಗುರುವಾರ ಅಲ್ಲಿಗೆ ಹಿಂತಿರುಗುತ್ತಾಳೆ. ಅವಳ ಕೈಯಲ್ಲಿ ಒಣಮೀನು, ನೀನು ಕೇಳಿದ ಬಿಸ್ಕತ್ತು ಮತ್ತು ಈ ಪತ್ರ ಕಳಿಸುತ್ತಿದ್ದೇನೆ. ದಿನಾ ಫೋನಿನಲ್ಲಿ ಸಿಗುವ ಮಗಳು ಪತ್ರ ಯಾಕೆ ಬರೆದಳು ಅಂದುಕೊಳ್ಳುತ್ತೀ. ಫೋನಿನಲ್ಲಿ ನನ್ನ ಮುಖ ನೋಡಿಕೊಂಡು ಈ ಮಾತು ಕೇಳಿದರೆ ನೀನು ಅಂದೇ ಕೆಲಸ ಬಿಟ್ಟು ವಿಮಾನ ಹತ್ತುತ್ತೀ. ಅದು ಬೇಡ. ಮೊದಲು ಪೂರ್ತಿ ಓದು.

ನಿನ್ನ ಮೊಮ್ಮಗಳು ಬೆಯಾ ಚೆನ್ನಾಗಿದ್ದಾಳೆ. ಈಗ ನನ್ನ ಪಕ್ಕದಲ್ಲೇ ಫ್ಯಾನಿನ ಕೆಳಗೆ ಬಾಯಿ ತೆರೆದುಕೊಂಡು ಮಲಗಿದ್ದಾಳೆ. ಕಳೆದ ವಾರ ವಿಡಿಯೊದಲ್ಲಿ, ಈ ಸೆಕೆಯಲ್ಲಿ ಮಗುವಿಗೆ ಉದ್ದ ತೋಳಿನ ಅಂಗಿ ಯಾಕೆ ಅಂತ ನೀನು ಬೈದೆ, ನಾನು ಸೊಳ್ಳೆ ಅಂದೆ. ಸೊಳ್ಳೆಯಲ್ಲ ನನಾಯ್. ಅವಳ ಮುಂಗೈ ಮೇಲೆ ನಾಯಿಯ ಹಲ್ಲಿನ ಗುರುತಿತ್ತು.

ನಮ್ಮ ಓಣಿಯಲ್ಲಿ ಓಡಾಡುವ ಆ ಕಂದು ಹೆಣ್ಣುನಾಯಿ ನಿನಗೆ ನೆನಪಿರಬೇಕು, ಒಂದು ಕಿವಿ ನೆಟ್ಟಗೆ, ಒಂದು ಕಿವಿ ಮಡಚಿದ್ದು. ಆ ವಿಡಿಯೊಗೂ ಹಿಂದಿನ ವಾರದ ಶುಕ್ರವಾರ ಬೆಯಾ ಹೊಸ್ತಿಲ ಮೇಲೆ ಬ್ರೆಡ್ಡಿನ ತುಂಡು ಹಿಡಿದು ಕೂತಿದ್ದಳು. ನಾನು ಒಳಗೆ ಹಾಲು ಕದಡುತ್ತಿದ್ದೆ. ನಾಯಿ ಬ್ರೆಡ್ಡಿಗೆ ಬಾಯಿ ಹಾಕಿತು, ಅವಳು ಬಿಡಲಿಲ್ಲ, ಹಲ್ಲು ಕೈಗೆ ತಾಕಿತು. ಅಷ್ಟೇ. ಅಷ್ಟೇ ಅಂತ ಹಗಲಿಗೆ ಅನ್ನಿಸುತ್ತದೆ, ಕತ್ತಲಾದ ಮೇಲೆ ಅಷ್ಟೇ ಅನ್ನಿಸುವುದಿಲ್ಲ.

ನಾನು ಬಂದು ನೋಡುವಷ್ಟರಲ್ಲಿ ಅತ್ತೆ ಗಾಯಕ್ಕೆ ಬೆಳ್ಳುಳ್ಳಿ ಜಜ್ಜಿ ತಿಕ್ಕುತ್ತಿದ್ದರು. ಮಗು ಕಚ್ಚಿದ್ದಕ್ಕಿಂತ ಆ ಉರಿಗೇ ಹೆಚ್ಚು ಕಿರುಚುತ್ತಿತ್ತು. ಜಿಂಕೆ ಕೊಂಬಿಟ್ಟು ವಿಷ ಹೀರುವವನ ಬಳಿಗೆ ಹೊರಡೋಣ ಅಂತ ಅವರು ಚಪ್ಪಲಿ ಹುಡುಕುತ್ತಿದ್ದರು. ಅತ್ತೆಯ ಕೈಯಿಂದ ಮಗುವನ್ನು ಹೆಚ್ಚುಕಡಿಮೆ ಕಿತ್ತುಕೊಂಡೆ. ನಲ್ಲಿಯ ಕೆಳಗೆ ಹಿಡಿದು ಸೋಪು ಹಾಕಿ ತೊಳೆದೆ, ಮತ್ತೆ ತೊಳೆದೆ, ಆಸ್ಪತ್ರೆಗೆ ಓಡಿದೆ. ಸೂಜಿ ಶುರುವಾಯಿತು. ಇನ್ನೂ ನಡೆಯುತ್ತಿದೆ, ಒಂದೂ ತಪ್ಪಿಸಿಲ್ಲ.

ನಾಯಿ ಎಲ್ಲಿದೆ ಅಂತ ಡಾಕ್ಟರಮ್ಮ ಕೇಳಿದರು. ಓಣಿಯಲ್ಲಿದೆ ಅಂದೆ. ಅದನ್ನು ಯಾರೂ ಹೊಡೆಯದ ಹಾಗೆ ನೋಡಿಕೊಳ್ಳಿ, ಎರಡು ವಾರ ಕಟ್ಟಿಹಾಕಿ ಕಣ್ಣಿಟ್ಟಿರಿ ಅಂದರು. ತಿನ್ನುತ್ತದೆಯೇ, ನೀರು ನುಂಗುತ್ತದೆಯೇ, ನಡಿಗೆ ಸರಿಯಿದೆಯೇ. ಎರಡು ವಾರ ನೆಟ್ಟಗಿದ್ದರೆ ಕಚ್ಚಿದ ದಿನ ಅದಕ್ಕೆ ರೇಬೀಸ್ ಇರಲಿಲ್ಲ ಅಂತ ಅರ್ಥ. ಸೂಜಿ ಕಾಪಾಡುತ್ತದೆ, ಆದರೆ ನಿಮಗೆ ನಿದ್ದೆ ಕೊಡುವುದು ಆ ನಾಯಿ, ಅಂದರು. ಅವರು ನಗುತ್ತಾ ಹೇಳಿದ ಮಾತು. ನಾನು ಅದನ್ನೇ ಹಿಡಿದುಕೊಂಡು ಕೂತಿದ್ದೇನೆ.

ಸ್ವಲ್ಪ ತಾಳು, ಹೊರಗೆ ಯಾರೋ ಕೂಗಿದ ಹಾಗಾಯಿತು.

ಯಾರೂ ಇಲ್ಲ. ಐಸ್‌ಕ್ರೀಂ ಗಾಡಿಯವನು.

ಆಸ್ಪತ್ರೆಯಿಂದ ಬಂದರೆ ಓಣಿಯೆಲ್ಲ ನಮ್ಮ ಬಾಗಿಲ ಮುಂದೆ. ಎಸ್ಟೋಯ್ ಅಣ್ಣ ತನ್ನ ಬಾಡಿಗೆ ತ್ರಿಚಕ್ರ ನಿಲ್ಲಿಸಿ, ಸೀಟಿನ ಕೆಳಗಿನ ಕಬ್ಬಿಣದ ಕೊಳವೆ ಕೈಯಲ್ಲಿ ಹಿಡಿದು ನಿಂತಿದ್ದ. ಅವನ ಕಣ್ಣಲ್ಲಿ ನೀರಿತ್ತು ನನಾಯ್. ಬೆಯಾ ಹುಟ್ಟಿದ ದಿನ ನನ್ನನ್ನು ಆಸ್ಪತ್ರೆಗೆ ಒಯ್ದವನು ಅವನೇ ತಾನೆ. ಕಚ್ಚಿದ ನಾಯಿಯನ್ನು ಆ ದಿನವೇ ಮುಗಿಸಿದರೆ ವಿಷ ಮಗುವಿನ ಮೈಯಲ್ಲಿ ಏರುವುದಿಲ್ಲ ಅಂತ ಇಲ್ಲಿ ಎಲ್ಲರೂ ನಂಬಿದ್ದಾರೆ. ಚಿಕ್ಕವಳಿದ್ದಾಗ ನಾನೂ ನಂಬಿದ್ದೆ, ನೀನೂ ಹಾಗೇ ಹೇಳುತ್ತಿದ್ದೆ. ನಾನು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಈ ನಾಯಿ ಸತ್ತರೆ ನನಗೆ ಏನೂ ಗೊತ್ತಾಗುವುದಿಲ್ಲ, ಬದುಕಿದ್ದರೆ ಗೊತ್ತಾಗುತ್ತದೆ ಅಂದೆ. ಓದಿದವಳ ಮಾತು ಅಂತ ಯಾರೋ ಗೊಣಗಿದರು.

ಆಮೇಲೆ ಕೇರಿಯ ಆಡಳಿತ ನೋಡುವ ಕಪ್ತಾನ ಬಂದ. ಯಾರ ನಾಯಿ ಅಂತ ಕೇಳಿದ. ವಾರಸುದಾರರಿಲ್ಲದಿದ್ದರೆ ನಗರದ ದೊಡ್ಡಿಗೆ ಕಳಿಸುತ್ತೇನೆ ಅಂದ. ಅಲ್ಲಿಗೆ ಹೋದ, ಯಾರೂ ಕೇಳದ, ಅದರಲ್ಲೂ ಕಚ್ಚಿದ ನಾಯಿಯ ಗತಿ ನಮಗೆಲ್ಲ ಗೊತ್ತು. ಬಾಡು ಸುಟ್ಟು ಮಾರುವ ಪಾಸಿಂಗ್ ಅಕ್ಕ, ಮೂಳೆ ಹಾಕ್ತೀನಿ ನಿಜ, ನಂದಲ್ಲ ಅಂದಳು. ಎಸ್ಟೋಯ್, ನನ್ನ ತ್ರಿಚಕ್ರದ ನೆರಳಲ್ಲಿ ಮಲಗುತ್ತೆ, ನೆರಳು ಯಾರಪ್ಪಂದು ಅಂದ. ಅತ್ತೆ ಜಪಸರದ ಮೇಲೆ ಕೈಯಿಟ್ಟು ತಲೆಯಾಡಿಸಿದರು. ಇಷ್ಟು ವರ್ಷ ಓಣಿಯ ಅನ್ನ ತಿಂದ ನಾಯಿ ಒಂದೇ ನಿಮಿಷದಲ್ಲಿ ಯಾರದೂ ಅಲ್ಲದ ನಾಯಿಯಾಯಿತು.

ಆಗ ನನ್ನ ಬಾಯಿಂದ ಬಂತು. "ನಂದು. ನನ್ನ ನಾಯಿ."

ಎಲ್ಲರೂ ನನ್ನನ್ನೇ ನೋಡಿದರು. ಪಾಸಿಂಗ್ ಸೊಂಟದ ಮೇಲೆ ಕೈಯಿಟ್ಟಳು. "ಅಲ್ಲಾ ತಂಗೀ, ಊರಿಗೆಲ್ಲ ನಾಯಿ ಕಟ್ಟಿ, ನಾಯಿ ಕಟ್ಟಿ ಅಂತ ಸಾರಿಕೊಂಡು ಬಂದೆಯಲ್ಲ. ನಿನ್ನ ನಾಯಿಗೆ ಹಗ್ಗ ಇರ್ಲಿಲ್ವಾ?"

ಅದು ಸರಿಯಾಗಿ ತಾಕಿತು. ನಿನಗೆ ಗೊತ್ತಲ್ಲ, ಬೆಯಾ ಹುಟ್ಟಿದ ಮೇಲೆ ನಾಲ್ಕು ಗೋಡೆಯ ನಡುವೆ ನನಗೆ ಹುಚ್ಚು ಹಿಡಿಯುವ ಹಾಗಾಗಿತ್ತು. ಕಾಲೇಜಿನ ಗೆಳತಿ ಮರಿವಿಕ್ ಬಂದು ತನ್ನ ತಂಡಕ್ಕೆ ಸೇರಿಸಿಕೊಂಡಳು. ಶನಿವಾರ ಬಾಸ್ಕೆಟ್‌ಬಾಲ್ ಅಂಗಳದ ತಗಡಿನ ಕೆಳಗೆ ಡಾಕ್ಟರು ಬೀದಿನಾಯಿ ಬೆಕ್ಕುಗಳಿಗೆ ಸಂತಾನಹರಣ ಮಾಡುತ್ತಾರೆ, ಲಸಿಕೆ ಹಾಕುತ್ತಾರೆ. ಬೆಯಾಳನ್ನು ಕಂಕುಳಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ ಮಾತಾಡುವುದು ನನ್ನ ಕೆಲಸ. ಬೆಕ್ಕಿನ ಮರಿಗಳನ್ನು ಗೋಣಿಯಲ್ಲಿ ಕಟ್ಟಿ ಮಾರುಕಟ್ಟೆಯಲ್ಲಿ ಬಿಟ್ಟು ಬರಬೇಡಿ ಅಂದರೆ, ಅಲ್ಲಿ ಮೀನು ಸಿಗುತ್ತಲ್ಲ, ನಮ್ಮ ಮನೆಗಿಂತ ಚೆನ್ನಾಗಿ ತಿನ್ನುತ್ತವೆ ಅನ್ನುತ್ತಾರೆ. ನಾಯಿ ಕಟ್ಟಿ ಅಂದರೆ ಪಾಸಿಂಗ್, ಗಂಡನ್ನೇ ಕಟ್ಟಿಹಾಕೋಕೆ ಆಗ್ಲಿಲ್ಲ ನಂಗೆ ಅನ್ನುತ್ತಿದ್ದಳು. ಆಗ ನಾನೂ ನಗುತ್ತಿದ್ದೆ. ಈಗ ಬಾಗಿಲು ತಟ್ಟಿದರೆ ಒಳಗಿನಿಂದಲೇ, ಮಗೂನ ಕಚ್ಚಿಸಿಕೊಂಡವಳು ಬಂದಳು ಅನ್ನುವುದು ಕೇಳಿಸುತ್ತದೆ. ಸ್ವಲ್ಪ ದಿನ ಮನೆಯಲ್ಲೇ ಇರು ಅಂತ ಮರಿವಿಕ್ ಮೆಲ್ಲಗೆ ಹೇಳಿದಳು. ನನ್ನ ಒಳ್ಳೆಯದಕ್ಕೇ ಹೇಳಿದ್ದು, ಇರಲಿ.

ಅಂದಿನಿಂದ ನಾಯಿ ನಮ್ಮ ಹಿತ್ತಲಿನ ಮಾವಿನ ಮರಕ್ಕೆ ಕಟ್ಟಿದೆ. ಬೆಯಾ ಆ ಕಡೆಗೆ ಹೋಗದ ಹಾಗೆ ಬಾಗಿಲಿಗೆ ಹಲಗೆ ಅಡ್ಡ ಇಟ್ಟಿದ್ದೇನೆ. ನಿನ್ನಲ್ಲಿ ಸುಳ್ಳು ಹೇಳುವುದಿಲ್ಲ, ನನಗೆ ಆ ನಾಯಿಯ ಮೇಲೆ ಪ್ರೀತಿ ಇಲ್ಲ. ತಟ್ಟೆಯನ್ನು ಕೋಲಿನಿಂದ ಮುಂದಕ್ಕೆ ತಳ್ಳುತ್ತೇನೆ. ಮೀನಿನ ಗಂಜಿ ಹಾಕಿ, ದೂರದಲ್ಲಿ ಕೂತು, ಅದರ ಗಂಟಲನ್ನೇ ನೋಡುತ್ತೇನೆ. ನುಂಗಿತು ಅಂದರೆ ನಾನೂ ಎದ್ದು ಊಟಕ್ಕೆ ಕೂರುತ್ತೇನೆ. ಸ್ವಲ್ಪ ಜೊಲ್ಲು ಸುರಿದರೆ ಸೆಕೆಗೋ ರೋಗಕ್ಕೋ ಅಂತ ಮೈ ಬೆವರುತ್ತದೆ. ರಾತ್ರಿ ಬೆಯಾಳ ಹಣೆ ಮುಟ್ಟಿ ನೋಡುವುದು, ಎದ್ದು ಕಿಟಕಿಯಿಂದ ನಾಯಿಯನ್ನು ನೋಡುವುದು, ಮತ್ತೆ ಹಣೆ. ನಿನ್ನ ಅಳಿಯ ರೆನಾಂತೆಯ ದೋಣಿ ವಾರಕ್ಕೊಮ್ಮೆ ದಡಕ್ಕೆ ಬರುತ್ತದೆ. ಬಂದವನು, ನಾಯಿ ನೆಟ್ಟಗಿದೆ, ಮಗು ನೆಟ್ಟಗಿದೆ, ಈ ಮನೆಯಲ್ಲಿ ಸೊರಗಿರೋಳು ನೀನೊಬ್ಬಳೇ ಅಂದ. ಅತ್ತೆ ಮಾತ್ರ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ಮೊಮ್ಮಗಳನ್ನು ಕಚ್ಚಿದ ಬಾಯಿಗೇ ಅನ್ನ ಹಾಕುವ ಸೊಸೆ ಅಂತ ಚರ್ಚಿನಲ್ಲಿ ಯಾರಿಗೋ ಹೇಳಿದರಂತೆ.

ಮತ್ತೊಮ್ಮೆ ಎದ್ದು ಹೊರಗೆ ನೋಡಿ ಬಂದೆ. ಅಕ್ಷರ ಓರೆಯಾಗಿದ್ದರೆ ಅದಕ್ಕೇ.

ನೀನು ಅಲ್ಲಿ ಯಜಮಾನಿಯ ನಾಯಿಯನ್ನು ಮಳೆ ಅಂಗಿ ಹಾಕಿ, ಮಗುವಿನ ಗಾಡಿಯಲ್ಲಿ ಕೂರಿಸಿ ಸುತ್ತಾಡಿಸುತ್ತೀ. ಅದು ಉಚ್ಚೆ ಹೊಯ್ದ ಕಡೆ ಬಾಟಲಿಯಿಂದ ನೀರು ಹಾಕಿ ತೊಳೆಯುತ್ತೀ. ಮೊದಲ ಸಲ ಹೇಳಿದಾಗ ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಈಗ ನಗು ಬರುವುದಿಲ್ಲ. ಒಬ್ಬರ ಹೆಸರಿಗೆ ಒಂದು ನಾಯಿ ಇದ್ದರೆ ಎಷ್ಟು ಸಲೀಸು ಅನ್ನಿಸುತ್ತದೆ. ಒಂದು ಮಾತು ಮರೆಯದೆ ಬರೆದು ಕಳಿಸು: ಅದರ ಕುತ್ತಿಗೆಯ ಪಟ್ಟಿಯನ್ನು ಎಷ್ಟು ಬಿಗಿಯಾಗಿ ಕಟ್ಟುತ್ತೀ? ಎರಡು ಬೆರಳು ತೂರಬೇಕು ಅಂತ ನಾನೇ ಮನೆಮನೆಗೆ ಹೇಳಿದ್ದೇನೆ. ಅದು ಸರಿಯೇ, ಅಥವಾ ಸಡಿಲವಾಗುತ್ತದೆಯೇ?

ಈ ಶುಕ್ರವಾರಕ್ಕೆ ಎರಡು ವಾರ ಆಗುತ್ತದೆ. ಇಂದು ಬೆಳಿಗ್ಗೆಯೂ ಗಂಜಿ ತಿಂದಿತು, ನೀರು ಕುಡಿಯಿತು. ಈಗ ಮರದ ಬುಡದಲ್ಲಿ ಮಲಗಿದೆ. ನೀನು ಹೆದರಬೇಡ, ಬರಬೇಡ, ನಾನು ನೋಡಿಕೊಳ್ಳುತ್ತೇನೆ. ನಮಗಾಗಿ ಒಂದು ಮೇಣದಬತ್ತಿ ಹಚ್ಚು, ಸಾಕು.

ಬೆಯಾಳ ಮುತ್ತುಗಳೊಂದಿಗೆ,
ನಿನ್ನ ಮಗಳು
ಲೈರಾ

ಮರೆತ ಮಾತು, ಅದೇ ದಿನ ಸಂಜೆ:

ಮರೆತದ್ದಲ್ಲ, ಮುಚ್ಚಿಟ್ಟದ್ದು. ಮರದ ಬುಡದಲ್ಲಿ ಮಲಗಿದೆ ಅಂತ ಬರೆದಾಗ ಅಲ್ಲಿ ಬರೀ ಹಗ್ಗ ಮತ್ತು ಪಟ್ಟಿ ಬಿದ್ದಿತ್ತು. ಊಟದ ಹೊತ್ತಿಗೆ ಕುತ್ತಿಗೆ ಜಾರಿಸಿಕೊಂಡು ನಾಯಿ ಹೋಗಿಬಿಟ್ಟಿತ್ತು. ನಾನು ಹಿತ್ತಲಲ್ಲಿ ನಿಂತು ಕಿರುಚಿದೆನಂತೆ, ನನಗೆ ನೆನಪಿಲ್ಲ. ಪಾಸಿಂಗ್ ಬೇಲಿಯ ಮೇಲಿಂದ ಇಣುಕಿ ಖಾಲಿ ಹಗ್ಗ ನೋಡಿದಳು. ಉರಿಯುವ ಕೆಂಡಕ್ಕೆ ನೀರು ಸುರಿದು ಹುಡುಕಲು ಹೊರಟಳು. ಎಸ್ಟೋಯ್ ಗಿರಾಕಿಯೊಬ್ಬಳನ್ನು ಅರ್ಧದಾರಿಯಲ್ಲೇ ಇಳಿಸಿದ. ಅತ್ತೆ ಕೊಡೆ ಹಿಡಿದು ನಡೆದರು, ಎಲ್ಲಿಗೆ ಅಂತ ಹೇಳಲಿಲ್ಲ. ಮಲಗಿದ ಮಗುವನ್ನು ಬಿಟ್ಟು ನಾನು ಹೋಗುವ ಹಾಗಿರಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಿತ್ತು, ನಿನಗೆ ಬರೆಯುತ್ತಾ ಕೂತೆ.

ಬರೆಯುತ್ತಿದ್ದಾಗ ಓಣಿಯ ಆ ತುದಿಯಿಂದ ಕೂಗು ಕೇಳಿಸುತ್ತಿತ್ತು. ಪಾಸಿಂಗ್ ಅದನ್ನು ಬೇಬಿ ಅಂತ ಕರೆಯುತ್ತಿದ್ದಳು. ಎಸ್ಟೋಯ್ ಬ್ರೌನಿ ಅಂತ. ಇನ್ನೂ ಯಾರೋ ರಾಣಿ ಅಂತ. ಯಾರದೂ ಅಲ್ಲದ ನಾಯಿಗೆ ಮನೆಗೊಂದು ಹೆಸರಿತ್ತು ನನಾಯ್. ಅತ್ತೆಯೂ ಮೀನು ಇಳಿಸುವ ದಡದಲ್ಲಿ ನಿಂತು, ಲುನಿಂಗ್, ಲುನಿಂಗ್ ಅಂತ ಕರೆದರಂತೆ. ಅದು ಬಲೆಗಳ ಅಡಿಯಿಂದ ಬಾಲ ಅಲ್ಲಾಡಿಸುತ್ತಾ ಎದ್ದು ಬಂದದ್ದು ಆ ಹೆಸರಿಗೇ. ದಿನಾ ಜಪ ಮುಗಿದ ಮೇಲೆ ಅವರು ಅದಕ್ಕೆ ಏನೋ ಕೊಡುತ್ತಿದ್ದರಂತೆ.

ಎಸ್ಟೋಯ್ ತನ್ನ ತ್ರಿಚಕ್ರದ ಸೀಟಿನಲ್ಲಿ ಅತ್ತೆಯನ್ನೂ ನಾಯಿಯನ್ನೂ ಪಕ್ಕಪಕ್ಕದಲ್ಲಿ ಕೂರಿಸಿ ತಂದ. ನಾನು ಬಟ್ಟಲಿನಲ್ಲಿ ನೀರಿಟ್ಟೆ. ಅಷ್ಟೂ ಜನ ಹಿತ್ತಲಿನಲ್ಲಿ ಆ ಬಟ್ಟಲನ್ನೇ ನೋಡುತ್ತಾ ನಿಂತರು. ಕುಡಿಯಿತು. ತಳ ಕಾಣುವವರೆಗೆ ಕುಡಿಯಿತು.

ಕಪ್ತಾನನೂ ಬಂದಿದ್ದ, ತಡವಾಗಿ. ಈ ಸಲ ಅವನು ಯಾರ ನಾಯಿ ಅಂತ ಕೇಳಲಿಲ್ಲ, ಪಟ್ಟಿ ಬಿಗಿ ಮಾಡಿ ಅಂದ. ಶುಕ್ರವಾರದವರೆಗೆ ರಾತ್ರಿ ಯಾರು ಕಾಯಬೇಕು ಅಂತ ಅವರವರೇ ಹಂಚಿಕೊಂಡಿದ್ದಾರೆ. ಇವತ್ತು ಪಾಸಿಂಗಳ ಸರದಿ. ಈಗ ಹಿತ್ತಲಲ್ಲಿ ಬೀಸಣಿಗೆ ಹಿಡಿದು ಕೂತಿದ್ದಾಳೆ. ನಾನು ಕಿಟಕಿಯಿಂದ ಇಣುಕಿದ್ದಕ್ಕೆ ಬೈದಳು. "ನಾನು ಇಲ್ಲಿ ಕೂತಿಲ್ವಾ? ಹೋಗಿ ಮಲಕ್ಕೊ."

ಅತ್ತೆ ದೀಪ ಆರಿಸುತ್ತಿದ್ದಾರೆ. ಮಲಗಲು ಹೋಗುತ್ತೇನೆ.