ಅಳಿಸಬಾರದ ಹದಿನಾಲ್ಕು ತಿನಿಸು

ದಾವಣಗೆರೆ, ಏಳನೆಯ ಒಲೆಮನೆ
ವರ್ಷ ೨೧೯೧, ಹದಿಮೂರನೆಯ ತಿಂಗಳು, ನಾಲ್ಕನೆಯ ದಿನ

ಪೂಜ್ಯ ದ್ರಾಕ್ಷಾಯಣಿ ಅಜ್ಜಿಯವರಿಗೆ ನೀಲಾಂಬಿಕೆಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ವರ್ಷವನ್ನು ನಾವು ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳಾಗಿ ಹಂಚಿಕೊಂಡು ಬಹಳ ಕಾಲವಾಯಿತು. ನನ್ನ ಮಾತಿನಲ್ಲಿ ನಿಮಗೆ ಅರ್ಥವಾಗದ ಪದಗಳು ಬಂದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ದಿನಚರಿಯಿಂದಲೇ, ಅದರಲ್ಲಿ ಊಟದ ಮಾತು ಬಿಟ್ಟರೆ ಬೇರೇನೂ ಇಲ್ಲ. ನಾನು ನಿಮ್ಮಿಂದ ಆರನೆಯ ತಲೆ. ನನಗೀಗ ನಲವತ್ತಾರು, ಇದನ್ನು ಓದುವಾಗ ನಿಮಗೆ ಮೂವತ್ತಮೂರು. ಸಂಬಂಧದಲ್ಲಿ ನೀವು ಅಜ್ಜಿ, ವಯಸ್ಸಿನಲ್ಲಿ ನಾನು ಅಕ್ಕ. ಮರ್ಯಾದೆ ಕೊಟ್ಟೇ ಬರೆಯುತ್ತೇನೆ. ನಡುವೆ ಎಲ್ಲಾದರೂ ಗದರಿದರೆ ಅಕ್ಕ ಗದರಿದಳು ಅಂದುಕೊಳ್ಳಿ.

ಇದು ಹಿಂದೋಲೆ. ಹಿಂದೆ ಬದುಕಿದವರಿಗೆ ಬರೆಯುವ ಓಲೆಗೆ ನಾವು ಹಾಗೆನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಸಿಗುತ್ತದೆ. ಹೆಚ್ಚಿನವರು ತೀರಿಹೋದ ಗಂಡನಿಗೋ ತಾಯಿಗೋ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ ಎಂದಾಗ ಒಲೆಮನೆಯ ಹೆಂಗಸರೆಲ್ಲ ನಕ್ಕರು. ಈ ಓಲೆ ನಿಮ್ಮ ಫೋನಿನ ಊಟ-ವ್ಯಾಯಾಮದ ದಿನಚರಿಯಲ್ಲಿ, ಟಿಪ್ಪಣಿಯ ಜಾಗದಲ್ಲಿ, ಶನಿವಾರ ಬೆಳಗ್ಗೆ ಆರು ಗಂಟೆ ಐದು ನಿಮಿಷಕ್ಕೆ ಕಾಣಿಸುತ್ತದೆ. ಆರು ಹನ್ನೆರಡಕ್ಕೆ ನೀವು ಒಂದು ಕೆಲಸ ಮಾಡುತ್ತೀರಿ. ಅದನ್ನು ಮಾಡಬೇಡಿ ಎಂದು ಕೇಳುವುದಕ್ಕೇ ಬರೆಯುತ್ತಿದ್ದೇನೆ. ಏಳು ನಿಮಿಷವಿದೆ. ಕೂಸು ಇನ್ನೂ ಎದ್ದಿರಲಿಕ್ಕಿಲ್ಲ, ಕುಳಿತು ಓದಿ.

ನಾನು ಒಲೆಮನೆಯಲ್ಲಿ ಸೌಟಿನವಳು. ಒಲೆಮನೆ ಎಂದರೆ ಬೀದಿಗೊಂದರಂತೆ ಇರುವ ಅಡುಗೆಮನೆ. ಮನೆಮನೆಯಲ್ಲಿ ಒಲೆ ಹಚ್ಚುವುದು ನನ್ನ ಅಜ್ಜಿಯ ಕಾಲಕ್ಕೇ ನಿಂತಿತು. ಬೆಳಗ್ಗೆ ನವಣೆಯ ಗಂಜಿ, ಮಧ್ಯಾಹ್ನ ಜೋಳದ ರೊಟ್ಟಿ ಮತ್ತು ಕಾಳುಪಲ್ಯ, ಸಂಜೆ ಅನ್ನ ಸಾರು. ಇನ್ನೂರು ಜನ ಸಾಲಾಗಿ ಕೂರುತ್ತಾರೆ. ಎಲ್ಲರ ಮುಂದೆಯೂ ಮಿತಿತಟ್ಟೆ ಇರುತ್ತದೆ. ಕೈ ತಾಗಿದ ಕೂಡಲೇ ಉಣ್ಣುವವರು ಯಾರು, ಅವರಿಗೆ ಎಷ್ಟು ಬಡಿಸಬೇಕು ಎಂದು ಆ ತಟ್ಟೆಗೆ ತಿಳಿಯುತ್ತದೆ. ಒಂದು ತುತ್ತು ಹೆಚ್ಚಾದರೂ ಕೂಗಿಕೊಳ್ಳುತ್ತದೆ. ಒಮ್ಮೆ ನಾನು ಬೇಕೆಂದೇ ನನ್ನ ಮಗಳು ಹೊನ್ನಿಯ ತಟ್ಟೆಗೆ ಅರ್ಧ ಸೌಟು ಅನ್ನ ಹೆಚ್ಚು ಹಾಕಿದೆ. ಇನ್ನೂರು ತಲೆಗಳು ನಮ್ಮ ಕಡೆ ತಿರುಗಿದವು. ಹುಡುಗಿ ನಾಚಿಕೊಂಡು ಆ ಅನ್ನವನ್ನು ತಾನೇ ಪಾತ್ರೆಗೆ ಸುರಿದಳು. ಊರಿಗೆಲ್ಲ ಬಡಿಸುವ ಕೈ ನನ್ನದು, ಹೆತ್ತ ಮಗಳಿಗೆ ಮಾತ್ರ ಅರ್ಧ ತಟ್ಟೆ.

ಈ ಮಿತಿಯನ್ನು ಗೊತ್ತುಮಾಡುವುದು ಮಿತಿಮಂಡಳಿ. ಹಿಂದೆ ಧಾನ್ಯ ಸಾಲದೆ, ಯಾರಿಗೆ ಎಷ್ಟು ಎಂಬ ಜಗಳ ಹುಟ್ಟಿದಾಗ, ಒಂದೊಂದು ಮನೆತನದ ಮೈಗೆ ಎಷ್ಟು ಬೇಕೋ ಅಷ್ಟು ಕೊಡುವುದೇ ನ್ಯಾಯ ಎಂದು ಹಿರಿಯರು ತೀರ್ಮಾನಿಸಿದರು. ಮೈಗೆ ಎಷ್ಟು ಬೇಕೆಂದು ತಿಳಿಯಲು ಅವರಿಗೆ ಸಿಕ್ಕಿದ್ದು ನಿಮ್ಮ ಕಾಲದ ದಿನಚರಿಗಳು. ತಿಂದ ತುತ್ತನ್ನೆಲ್ಲ ಜನ ತಾವಾಗಿಯೇ ಬರೆದಿಟ್ಟ ಕಾಲ ಅದೊಂದೇ. ತಾಯಿಯ ಕಡೆಯ ಅತ್ಯಂತ ಹಳೆಯ ದಿನಚರಿಯೇ ಪ್ರಮಾಣ ಎಂದು ಕಟ್ಟಳೆಯಾಯಿತು. ನಮ್ಮ ಮನೆತನದ್ದು ಸುಳ್ಳು ದಿನಚರಿ ಎಂದು ನಾನು ಮಂಡಳಿಯ ರುದ್ರಮುನಿಯವರ ಮುಂದೆ ನಿಂತು ಹೇಳಿದೆ. ಅವರು ನಕ್ಕು, "ತಾನುಂಡಿದ್ದನ್ನ ತಾನೇ ಬರ್ಕೊಳ್ಳೋಳು ಯಾರಿಗಮ್ಮಾ ಸುಳ್ಳು ಹೇಳ್ತಾಳೆ?" ಅಂದರು. ಒಳ್ಳೆಯ ಮನುಷ್ಯ. ಪಾಪ, ನೀವು ಪಾಠ ಹೇಳುವ ಶಾಲೆಯ ಸ್ಟಾಫ್ ರೂಮನ್ನು ಅವರು ನೋಡಿದವರಲ್ಲ.

ನಾನು ನೋಡಿದ್ದೇನೆ, ನಿಮ್ಮ ದಿನಚರಿಯ ಮೂಲಕ. ನೀವು ಇನ್ನು ಮುಂದೆ ಬರೆಯಲಿರುವುದೂ ಸೇರಿ ನಾನೂರ ಹನ್ನೆರಡು ದಿನಗಳನ್ನೂ ಒಂದೊಂದಾಗಿ ಓದಿದ್ದೇನೆ. ಇಲ್ಲಿ ಯಾರೂ ಓದುವುದಿಲ್ಲ, ಯಂತ್ರ ಕೂಡಿಸುತ್ತದೆ ಅಷ್ಟೆ. ದಿನಕ್ಕೆ ಸರಾಸರಿ ಸಾವಿರದ ನೂರು ಕ್ಯಾಲೊರಿ, ಒಂಬತ್ತು ಸಾವಿರ ಹೆಜ್ಜೆ. ತೂಕದ ಯಂತ್ರ ಮಾತ್ರ ನೇರವಾಗಿ ಫೋನಿಗೆ ಬರೆಯುತ್ತಿತ್ತು, ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಅದರ ಪ್ರಕಾರ ನೀವು ಮೂರು ಕಿಲೋ ಹೆಚ್ಚಾಗಿದ್ದೀರಿ. ಇಷ್ಟು ಕಡಿಮೆ ತಿಂದು, ಇಷ್ಟು ನಡೆದು, ಮೇಲೆ ಮೈಯೂ ತುಂಬಿಕೊಂಡವರನ್ನು ನಮ್ಮ ವಿದ್ವಾಂಸರು ಬೇರೆಲ್ಲೂ ಕಂಡಿರಲಿಲ್ಲ. ನಮಗೆ ‘ಅಲ್ಪತೃಪ್ತ ವಂಶ’ ಎಂದು ಹೆಸರಿಟ್ಟರು. ಸ್ವಲ್ಪದರಲ್ಲೇ ತೃಪ್ತಿಪಡುವ ಜನ ಎಂದು ಅರ್ಥ. ಅಂದಿನಿಂದ ನಮ್ಮ ಹೊಟ್ಟೆಗೆ ತಣ್ಣೀರು ಬಟ್ಟೆ.

ಅಜ್ಜಿ, ದಾವಣಗೆರೆಯಲ್ಲಿ ಕುಳಿತು ‘ದೋಸೆ, ಬೆಣ್ಣೆ ಇಲ್ಲದೆ’ ಎಂದು ತೊಂಬತ್ತೊಂದು ಸಲ ಬರೆದಿದ್ದೀರಲ್ಲ, ಬರೆಯುವಾಗ ನಿಮಗೇ ನಗು ಬರಲಿಲ್ಲವೇ? ಮಂಡಕ್ಕಿ ತಿಂದ ದಿನ ಮಿರ್ಚಿಯ ಸುಳಿವೇ ಇಲ್ಲ. ಸಂಜೆ ಏಳರಿಂದ ಎಂಟರವರೆಗೆ ಆರು ಸಾವಿರ ಹೆಜ್ಜೆ, ಆದರೆ ಫೋನು ಮನೆ ಬಿಟ್ಟು ಒಂದು ಮಾರು ಕದಲಿಲ್ಲ. ಬಹಳ ಯೋಚಿಸಿ ಗುಟ್ಟು ಕಂಡುಕೊಂಡೆ. ನೀವು ಫೋನನ್ನು ತೊಟ್ಟಿಲಿಗೆ ಕಟ್ಟಿ ತೂಗಿದ್ದೀರಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು. ಅದೂ ಗಣಿತದ ಮೇಡಂ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ; ನಮ್ಮಲ್ಲಿ ಮಾಡಿದವರು ನೀವು, ಉಣ್ಣದೆ ಉಳಿದವರು ನಾವು.

ಆದರೆ ಆ ತೊಟ್ಟಿಲು ಹೊಳೆದ ದಿನ ನನ್ನ ಸಿಟ್ಟು ಇಳಿಯಿತು. ಅದರಲ್ಲಿದ್ದದ್ದು ನಮ್ಮ ವಂಶದ ಎರಡನೆಯ ತಲೆ. ನೀವು ಹಾಲೂಡುವ ತಾಯಿ. ನಿಮಗೆ ಹಸಿವಾಗದೆ ಇನ್ನಾರಿಗೆ ಆಗಬೇಕಿತ್ತು? ಹೆರಿಗೆಯ ರಜೆ ಮುಗಿಸಿ ಶಾಲೆಗೆ ಹೋದಿರಿ, ಸ್ಟಾಫ್ ರೂಮಿನ ಹತ್ತು ಜನ ಸೇರಿ ಈ ದಿನಚರಿ ಶುರುಮಾಡಿದಿರಿ, ಒಬ್ಬರ ತಟ್ಟೆ ಇನ್ನೊಬ್ಬರಿಗೆ ಕಾಣುವಂತೆ. ನಿಮ್ಮದೊಂದು ಹೊಟ್ಟೆಯ ಮೇಲೆ ಒಂಬತ್ತು ಜನರ ಕಣ್ಣು. ನಮ್ಮ ಕಾಲದಲ್ಲಿ ಹಸಿವಿದೆ, ಹಸಿದೆ ಎನ್ನಲು ನಾಚಿಕೆ ಮಾತ್ರ ಇಲ್ಲ. ನೀವು ಪಟ್ಟ ಆ ನಾಚಿಕೆಯನ್ನು ನೆನೆದು ನಾನು ಅತ್ತಿದ್ದೇನೆ.

ಇನ್ನು ಆ ಶುಕ್ರವಾರದ ಮಾತು, ಅಂದರೆ ನಿಮಗೆ ನಿನ್ನೆ. ಮುನ್ನೂರ ಆರನೆಯ ದಿನ. ಆ ಒಂದು ದಿನ ನೀವು ನಿಜ ಬರೆದಿದ್ದೀರಿ. ಹದಿನಾಲ್ಕು ತಿನಿಸು, ಒಟ್ಟು ಎರಡು ಸಾವಿರದ ಆರುನೂರ ನಲವತ್ತು ಕ್ಯಾಲೊರಿ. ಕೆಳಗೆ ಟಿಪ್ಪಣಿ: "ಇವತ್ತು ಹೊಟ್ಟೆ ತುಂಬಾ ಉಂಡೆ. ಎಲ್ಲಾ ಬರ್ದೀನಿ. ಯಾರು ಏನಂತಾರೋ ಅನ್ಲಿ." ಈ ಬೆಳಗ್ಗೆ ಆರು ಐದಕ್ಕೆ, ಆ ಒಂಬತ್ತು ಜನರಲ್ಲಿ ಒಬ್ಬರಾದ ಪುಷ್ಪಲತಾ ಮೇಡಂ ಅದರ ಕೆಳಗೆ, "ಏನ್ರೀ ದ್ರಾಕ್ಷಾಯಣಿ, ಮದ್ವಿ ಮನಿಗೆ ಹೋಗಿದ್ರೇನ್ರೀ?" ಎಂದು ಬರೆದಿದ್ದಾರೆ. ಆರು ಹನ್ನೆರಡಕ್ಕೆ ನೀವು ಹದಿನಾಲ್ಕನ್ನೂ ಅಳಿಸಿದಿರಿ. ಎಷ್ಟು ತಿನಿಸು ಹೋದವು, ಎಷ್ಟು ಕ್ಯಾಲೊರಿ ಹೋಯಿತು ಎಂಬ ಗುರುತು ಉಳಿದಿದೆ, ತಿನಿಸುಗಳ ಹೆಸರು ಉಳಿದಿಲ್ಲ. ಅವು ಏನೇನಿರಬಹುದು ಎಂದು ಹೊನ್ನಿಯೂ ನಾನೂ ಊಹಿಸುವ ಆಟ ಆಡುತ್ತೇವೆ. ಅವಳು ಎಂದೂ ತಿನ್ನದ ಹೋಳಿಗೆಯಿಂದ ಶುರುಮಾಡುತ್ತಾಳೆ. ಏಳೆಂಟರವರೆಗೆ ಚೆನ್ನಾಗಿಯೇ ಎಣಿಸುತ್ತಾಳೆ, ಆಮೇಲೆ ಆಟ ಬೇಡವೆನ್ನುತ್ತಾಳೆ.

ಮಂಡಳಿಯ ಕಟ್ಟಳೆಯಲ್ಲಿ ಒಂದೇ ಒಂದು ದಾರಿಯಿದೆ. ಯಾವುದೇ ದಿನಚರಿಯಲ್ಲಿ ಒಂದು ದಿನದ ಊಟ ಸರಾಸರಿಯ ಎರಡರಷ್ಟನ್ನು ಮೀರಿದರೆ, ಆ ದಿನಚರಿ ಅನುಮಾನದ್ದು ಎಂದು ಅದನ್ನು ಬದಿಗಿಡುತ್ತಾರೆ. ಆಗ ಮಗುವನ್ನೇ ಎದುರಿಗೆ ಕೂರಿಸಿ, ಬೇಕಾದಷ್ಟು ಬಡಿಸಿ, ಅದು ಉಂಡದ್ದನ್ನು ನೋಡಿ ಮಿತಿ ಬರೆಯುತ್ತಾರೆ. ನಿಮ್ಮ ಶುಕ್ರವಾರ ಮೀರುತ್ತದೆ. ಆದರೆ ಅಳಿಸಿದ್ದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊನ್ನಿಗೆ ಇನ್ನು ಹನ್ನೆರಡು ದಿನಕ್ಕೆ ಹತ್ತು ತುಂಬುತ್ತದೆ. ಈಗ ಅವಳ ತಟ್ಟೆಗೆ ಇರುವುದು ಮನೆತನದ ತಾತ್ಕಾಲಿಕ ಮಿತಿ; ಅಂದು ಅವಳದೇ ಮಿತಿ ಕಟ್ಟುತ್ತಾರೆ, ಆಮೇಲೆ ಸಾಯುವವರೆಗೂ ಅದನ್ನು ಬದಲಿಸುವಂತಿಲ್ಲ. ಖೋ ಖೋ ಆಟದಲ್ಲಿ ಅವಳಷ್ಟು ಚುರುಕಿನವರು ಬೀದಿಯಲ್ಲೇ ಇಲ್ಲ, ಎರಡನೆಯ ಸುತ್ತಿಗೆ ಕಣ್ಣು ಕತ್ತಲೆ ಬಂದು ಕೂರುತ್ತಾಳೆ. ನನ್ನ ಪಾಲಿನ ರೊಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಕೊಡುತ್ತೇನೆ. ನನ್ನದೂ ಅರ್ಧ ತಟ್ಟೆಯೇ, ಅದರಲ್ಲಿ ಎಷ್ಟು ಉಳಿದೀತು.

ನೀವು ಅಳಿಸಿದರೂ ಅಂದು ನಾನು ಮಗಳ ಕೈ ಹಿಡಿದು ಮಂಡಳಿಗೆ ಹೋಗುವವಳೇ. ಸೌಟು ಕೆಳಗಿಟ್ಟು ಅವರ ಬಾಗಿಲಲ್ಲಿ ಕೂರುತ್ತೇನೆ, ಎಬ್ಬಿಸಿದರೂ ಏಳುವುದಿಲ್ಲ. ಒಲೆಮನೆಯ ಎಂಟು ಸೌಟಿನವರು ಜೊತೆಗೆ ಕೂರುತ್ತೇವೆಂದು ಮಾತು ಕೊಟ್ಟಿದ್ದಾರೆ. ಆದರೆ ನನ್ನ ಹಟವನ್ನು ಯಾರೂ ಪುರಾವೆ ಎನ್ನುವುದಿಲ್ಲ. ಪುರಾವೆ ಇರುವುದು ನಿಮ್ಮ ಹೆಬ್ಬೆರಳಿನ ಕೆಳಗೆ.

ಅಳಿಸಬೇಡಿ, ಅಜ್ಜಿ. ಪುಷ್ಪಲತಾ ಮೇಡಂ ನಗಲಿ. ಹೌದು, ಉಂಡೆ ಎನ್ನಿ, ಇಲ್ಲವೇ ಏನೂ ಅನ್ನದೆ ಫೋನು ಕೆಳಗಿಡಿ. ನೀವು ನನ್ನ ಮಾತು ಕೇಳಿದರೆ ನಾನು ಈ ಓಲೆ ಬರೆಯಬೇಕಾಗಿಯೇ ಬರುವುದಿಲ್ಲ, ಹೊನ್ನಿಗೆ ನಿಮ್ಮ ಹೆಸರೂ ತಿಳಿಯುವುದಿಲ್ಲ. ತಿಳಿಯದಿದ್ದರೆ ಬೇಡ. ಬಡಿಸಲು ಸೌಟು ಎತ್ತಿದಾಗ ಅವಳು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, ಸಾಕಮ್ಮಾ ಅನ್ನಬೇಕು. ನಮ್ಮ ಮನೆಯಲ್ಲಿ ಆ ಮಾತನ್ನು ನಾನು ಇದುವರೆಗೆ ಯಾರ ಬಾಯಲ್ಲೂ ಕೇಳಿಲ್ಲ.

ನಿಮ್ಮ ಆರನೆಯ ತಲೆ,
ನೀಲಾಂಬಿಕೆ