ಬಲಿ, ಹತ

ಮಾರ್ಚ್ ೧೧, ಮಂಗಳವಾರ

ಇವತ್ತು ಸಂಪಾದಕರು ಬೆನ್ನು ತಟ್ಟಿದ್ದೇ ಚುಚ್ಚುತ್ತಿದೆ. "ನಿಮ್ಮ ಪುಟ ಇನ್ಮೇಲೆ ನಾನು ನೋಡೋದೇ ಬೇಡ ಕಣ್ರೀ" ಅಂದರು.

ಪತ್ರಿಕೆಯಲ್ಲಿ ಯುದ್ಧದ ಪುಟ ನನ್ನದು. ಬಾಂಬಿಗೆ ನಮ್ಮವರು ಸತ್ತರೆ ಶೀರ್ಷಿಕೆಯಲ್ಲಿ ‘ಬಲಿ’, ಆಚೆಯವರು ಸತ್ತರೆ ‘ಹತ’. ಎಲ್ಲೂ ಬರೆದಿಟ್ಟ ನಿಯಮವಲ್ಲ. ಮಂತ್ರಿ ಬಾಯಿ ಬಿಟ್ಟರೆ ‘ಸ್ಪಷ್ಟನೆ’, ವಿರೋಧ ಪಕ್ಷದವರು ಬಿಟ್ಟರೆ ‘ಗದ್ದಲ’ ಆಗುತ್ತದಲ್ಲ, ಹಾಗೆ. ಮೊದಲೆಲ್ಲ ನಾನು ಎಲ್ಲರಿಗೂ ‘ಬಲಿ’ ಎಂದೇ ಹಾಕುತ್ತಿದ್ದೆ. ಸಂಪಾದಕರು ತಿದ್ದುತ್ತಿದ್ದರು, ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಈಚೆಗೆ ಜಗಳವೇ ಇಲ್ಲ.

ಊಟಕ್ಕೆ ಕೂತಾಗ ಇವಳು ಕೇಳಿದಳು, "ಯಾಕ್ರೀ, ಮುಖ ಹೀಗಿದೆ?"

"ಸಂಪಾದಕರು ಹೊಗಳಿದ್ರು."

"ಹೊಗಳಿದ್ರೂ ಈ ಗೋಳಾ?" ಎಂದು ನಕ್ಕಳು.

ನಡೆದದ್ದನ್ನು ನಡೆದ ಹಾಗೆ ಇಲ್ಲಾದರೂ ಬರೆಯೋಣ. ಗಡಿಯಾಚೆಯ ಒಂದು ಶಾಲೆಯ ಮೇಲೆ ನಮ್ಮ ವಿಮಾನ ಬಾಂಬ್ ಹಾಕಿತು. ಇಪ್ಪತ್ತಾರು ಮಕ್ಕಳು ಹತ.

ಬರೆದ ಮೇಲೆ ಕಣ್ಣಿಗೆ ಬಿತ್ತು. ಥೂ, ಇಲ್ಲಿ ಯಾವ ಸಂಪಾದಕರೂ ಇಲ್ಲವಲ್ಲ! ಆ ಪದವನ್ನು ಹೊಡೆದುಹಾಕಿದೆ. ಆ ಮಕ್ಕಳಿಗೆ ಬೇರೆ ಮಾತು ಹುಡುಕುತ್ತ ಆಗಿನಿಂದ ಕೂತಿದ್ದೇನೆ. ಕೈ ಮತ್ತೆ ಮತ್ತೆ ಅದನ್ನೇ ಬರೆಯುತ್ತಿದೆ.